ಗ್ರಾಹಕರ ಡೇಟಾ ಸಿಂಗಾಪುರದ ಸರ್ವರ್‌ನಲ್ಲಿದ್ದರೆ ತೊಂದರೆಯಾ?

ಅಂಗಡಿಗಳಿಗೆ ಬಿಲ್ಲಿಂಗ್ ಆಪ್ ಮಾಡಿದ್ದೀರಿ, ಸರ್ವರ್ ಸಿಂಗಾಪುರದಲ್ಲಿದೆ, ಭಾರತಕ್ಕೆ ತರಲೇಬೇಕಾ ಎಂದು ಕೇಳಿದ್ದೀರಿ. ಅದು ನಿಮ್ಮ ಹತ್ತಿರ ಯಾವ ಡೇಟಾ ಇದೆ ಎಂಬುದರ ಮೇಲೆ ಹೋಗುತ್ತದೆ.

ಹೆಸರು, ಫೋನ್ ನಂಬರ್, ಏನು ಕೊಂಡರು ಅನ್ನೋದು ಇಷ್ಟೇ ಆದರೆ ತರಲೇಬೇಕೆಂದಿಲ್ಲ. 2018ರ ಡೇಟಾ ಸಂರಕ್ಷಣೆ ಕರಡು ಮಸೂದೆಯಲ್ಲಿ ಜನರ ಡೇಟಾದ ಒಂದು ಪ್ರತಿ ಭಾರತದಲ್ಲಿ ಇರಲೇಬೇಕು ಎಂದಿತ್ತು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ ಅದನ್ನು ಬಿಟ್ಟಿತು. ಸರ್ಕಾರ ನಿರ್ಬಂಧ ಹಾಕಿದ ದೇಶಗಳನ್ನು ಬಿಟ್ಟು ಬೇರೆ ಕಡೆ ಕಳಿಸಬಹುದು.

ಪೇಮೆಂಟ್ ಡೇಟಾ ಹಾಗಲ್ಲ. ಅದನ್ನು ಭಾರತದಲ್ಲೇ ಇಡಬೇಕು ಎಂದು ರಿಸರ್ವ್ ಬ್ಯಾಂಕ್ 2018ರ ಏಪ್ರಿಲ್‌ನಲ್ಲೇ ಹೇಳಿತು. ಹೊರಗೆ ಪ್ರೊಸೆಸ್ ಮಾಡಿದರೂ 24 ಗಂಟೆಯೊಳಗೆ ಅಲ್ಲಿ ಅಳಿಸಿ ಇಲ್ಲಿಗೆ ತರಬೇಕು. ಇದನ್ನು ಪಾಲಿಸಲಿಲ್ಲವೆಂದು 2021ರ ಜುಲೈನಲ್ಲಿ ಮಾಸ್ಟರ್‌ಕಾರ್ಡ್‌ಗೆ ಹೊಸ ಗ್ರಾಹಕರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿದರು. ತಡೆ ತೆರವಾಗಿದ್ದು 2022ರ ಜೂನ್‌ನಲ್ಲಿ. ಹಾಗಾಗಿ ಪೇಮೆಂಟ್ ಭಾಗವನ್ನು ಪೂರ್ತಿ ಪೇಮೆಂಟ್ ಗೇಟ್‌ವೇಗೆ, ಅಂದರೆ ಹಣ ಪಾವತಿ ನಡೆಸಿಕೊಡುವ ಕಂಪನಿಗೆ ಬಿಡಿ. ಕಾರ್ಡ್ ನಂಬರ್ ನೀವು ಇಟ್ಟುಕೊಳ್ಳುವಂತೆಯೂ ಇಲ್ಲ.

ಆದರೆ ಸರ್ವರ್ ಮುಂಬೈಗೆ ಬಂದ ತಕ್ಷಣ ಎಲ್ಲ ಸರಿಹೋಯಿತು ಅಂದುಕೊಳ್ಳಬೇಡಿ. ನಾನು ನೋಡಿದ ಒಂದು ಆಪ್‌ನ ಡೇಟಾಬೇಸ್ ಮುಂಬೈಯಲ್ಲೇ ಇತ್ತು. ಆಪ್ ಕ್ರ್ಯಾಶ್ ಆದಾಗಲೆಲ್ಲ ಗ್ರಾಹಕರ ಫೋನ್ ನಂಬರ್, ಯುಪಿಐ ಐಡಿ ಸಮೇತ ಇಡೀ ರಿಕ್ವೆಸ್ಟ್ (ಆಪ್ ಕಳಿಸಿದ ಮಾಹಿತಿ) ಅಮೆರಿಕದಲ್ಲಿ ಆಪ್‌ನ ದೋಷಗಳನ್ನು ದಾಖಲಿಸುವ ಎರರ್ ಟ್ರ್ಯಾಕಿಂಗ್ ಸರ್ವರ್‌ಗೆ ಹೋಗುತ್ತಿತ್ತು. ಯಾರೂ ಬೇಕೆಂದು ಕಳಿಸಿದ್ದಲ್ಲ, ಡೀಫಾಲ್ಟ್ ಸೆಟ್ಟಿಂಗ್ ಹಾಗಿತ್ತು. ಸಪೋರ್ಟ್ ಟಿಕೆಟ್, ಇಮೇಲ್ ಸೇವೆ, ಬ್ಯಾಕಪ್ ಎಲ್ಲಿಗೆ ಹೋಗುತ್ತವೆ ಅಂತಲೂ ನೋಡಿ. ಡಿಸ್ಕ್ ಇಲ್ಲಿದ್ದರೂ ಕಂಪನಿ ಅಮೆರಿಕದ್ದಾದರೆ, ಆ ದೇಶದ 2018ರ ಕ್ಲೌಡ್ ಆಕ್ಟ್ ಪ್ರಕಾರ ಅಲ್ಲಿನ ಸರ್ಕಾರ ಕೋರ್ಟ್ ಆದೇಶ ತಂದು ಡೇಟಾ ಕೇಳಬಹುದು. ಡೇಟಾ ಓದಲು ಬೇಕಾದ ಎನ್‌ಕ್ರಿಪ್ಷನ್ ಕೀ ನಿಮ್ಮ ಕೈಯಲ್ಲೇ ಇರಲಿ ಎನ್ನುವುದು ಅದಕ್ಕೇ.

ಎಲ್ಲ ಡೇಟಾವೂ ದೇಶದೊಳಗೇ ಇರಬೇಕು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ನಮ್ಮ ಮಾರುಕಟ್ಟೆ ದೊಡ್ಡದು, ಅಮೆಜಾನ್‌ನ ಕ್ಲೌಡ್ ಸೇವೆ 2016ರಲ್ಲೇ ಮುಂಬೈಗೆ ಬಂತು. ನೇಪಾಳದಲ್ಲಿ ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್ ಯಾರದ್ದೂ ರೀಜನ್ (ಕ್ಲೌಡ್ ಡೇಟಾ ಸೆಂಟರ್‌ಗಳ ಗುಂಪು) ಇಲ್ಲ. ಅಲ್ಲಿ ಇಂಥ ನಿಯಮ ಬಂದರೆ ನಿಮ್ಮಂಥ ಸಣ್ಣ ತಂಡವೇ ಮೊದಲು ಬಾಗಿಲು ಹಾಕಬೇಕಾಗುತ್ತದೆ, ಅಲ್ವಾ?

ನಿಮ್ಮ ಗ್ರಾಹಕರೆಲ್ಲ ಇಲ್ಲೇ ಇರುವುದರಿಂದ ಮುಂಬೈ ಅಥವಾ ಹೈದರಾಬಾದ್ ರೀಜನ್‌ಗೆ ಬನ್ನಿ, ಆಪ್ ಕೂಡ ಚುರುಕಾಗುತ್ತದೆ. ಆದರೆ ಅದಕ್ಕೂ ಮೊದಲು ಎರರ್ ಲಾಗ್ ತೆಗೆದು ಫೋನ್ ನಂಬರ್ ಹುಡುಕಿ. ಸಿಕ್ಕರೆ ಇವತ್ತೇ ಅವು ಕಾಣದಂತೆ ಮಾಸ್ಕ್ ಮಾಡಿ. ಲಾಗ್ ಪೂರ್ತಿ ಅಳಿಸಬೇಡಿ, ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಸರ್ಟ್-ಇನ್‌ನ 2022ರ ಆದೇಶದಂತೆ 180 ದಿನ ಇಟ್ಟುಕೊಳ್ಳಬೇಕು.