ಲಿಂಕ್ ಹಾಕಿದ್ದಾರೆ, ಆದರೆ ಗೂಗಲ್‌ಗೆ ಕಾಣುತ್ತಾ?

ಪ್ರಶ್ನೆ: ಚಿಕ್ಕಮಗಳೂರಿನ ಮಲ್ಲಂದೂರು ರಸ್ತೆಯಲ್ಲಿ ನಮ್ಮದೊಂದು ಹೋಂಸ್ಟೇ ಇದೆ. ‘ನೀವು ನಮ್ಮ ಲಿಂಕ್ ಹಾಕಿ, ನಾವು ನಿಮ್ಮದು ಹಾಕ್ತೀವಿ’ ಅಂತ ಒಂದು ಟ್ರಾವೆಲ್ ಸೈಟಿನವರು ಕೇಳಿದರು. ನಾನು ಮೊದಲ ಪುಟದಲ್ಲೇ ಹಾಕಿದೆ. ಅವರ ಲಿಂಕ್ಸ್ ಪುಟದಲ್ಲೂ ನಮ್ಮ ಹೆಸರಿದೆ. ಆದರೆ ಆರು ತಿಂಗಳಾದರೂ, ನಮ್ಮ ಸೈಟಿಗೆ ಯಾರ‍್ಯಾರು ಲಿಂಕ್ ಕೊಟ್ಟಿದ್ದಾರೆಂದು ತೋರಿಸುವ ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಅದು ಬಂದಿಲ್ಲ. ಏನಾದರೂ ಮೋಸವೇ?

ಉತ್ತರ: ಸರ್ಚ್ ಕನ್ಸೋಲ್ ಎಲ್ಲ ಲಿಂಕನ್ನೂ ತೋರಿಸುವುದಿಲ್ಲ. ಹಾಗಾಗಿ ಅದೊಂದನ್ನೇ ನೋಡಿ ಮೋಸ ಅನ್ನುವಂತಿಲ್ಲ. ಆದರೂ ನಿಮ್ಮ ಅನುಮಾನಕ್ಕೆ ಅರ್ಥವಿದೆ. ನಮಗೆ ಕಾಣುವ ಪುಟವನ್ನು ಗೂಗಲ್‌ನಿಂದ ಮುಚ್ಚಿಡುವುದು ಬಹಳ ಸುಲಭ, ಅಲ್ವಾ?

ಮೊದಲು ಅವರ ಸೈಟಿನ ವಿಳಾಸದ ಕೊನೆಗೆ ಒಂದು ಓರೆಗೆರೆ ಹಾಕಿ, ರೋಬೋಟ್ಸ್ ಡಾಟ್ ಟಿಎಕ್ಸ್‌ಟಿ ಎಂದು ಟೈಪ್ ಮಾಡಿ ತೆರೆಯಿರಿ. ಯಾರು ಬೇಕಾದರೂ ನೋಡಬಹುದಾದ ಫೈಲ್ ಅದು. ಅಲ್ಲಿ ‘ಡಿಸ್‌ಅಲೌ’ ಎಂಬ ಪದದ ಮುಂದೆ ಲಿಂಕ್ಸ್ ಪುಟದ ದಾರಿ ಬರೆದಿದ್ದರೆ, ಗೂಗಲ್ ಆ ಪುಟವನ್ನು ಓದುವುದೇ ಇಲ್ಲ. ಓದದ ಪುಟದಲ್ಲಿ ನಿಮ್ಮ ಲಿಂಕ್ ಇದ್ದೇನು, ಇಲ್ಲದಿದ್ದರೇನು?

ಅಲ್ಲಿ ಸಿಗದಿದ್ದರೆ ಲಿಂಕ್ಸ್ ಪುಟ ತೆರೆದು ಕಂಟ್ರೋಲ್ ಮತ್ತು ಯು ಒತ್ತಿ. ಪುಟದ ಕೋಡ್ ಬರುತ್ತದೆ. ಮೇಲ್ಭಾಗದಲ್ಲಿ ‘ನೋಇಂಡೆಕ್ಸ್’ ಇದೆಯೇ ಹುಡುಕಿ. ಈ ಪುಟವನ್ನು ಹುಡುಕಾಟದಲ್ಲಿ ತೋರಿಸಬೇಡಿ ಎಂದು ಗೂಗಲ್‌ಗೆ ಹೇಳುವ ಪದ ಅದು. ನಿಮ್ಮ ಹೆಸರಿನ ಪಕ್ಕದಲ್ಲಿ ‘ನೋಫಾಲೋ’ ಇದೆಯೇ ನೋಡಿ. ಇದು 2005ರಲ್ಲಿ ಬಂದ ಗುರುತು. ಈ ಲಿಂಕಿಗೆ ಬೆಲೆ ಕೊಡಬೇಡಿ ಎಂದು ಹೇಳುವುದಕ್ಕೆ. 2019ರಿಂದ ಗೂಗಲ್ ಇದನ್ನು ಕಟ್ಟಪ್ಪಣೆ ಎನ್ನದೆ ಸೂಚನೆ ಎಂದಷ್ಟೇ ನೋಡುತ್ತದೆ. ಆದರೂ ಹೇಳದೆ ಹಾಕಿದ್ದರೆ ಅವರ ಮನಸ್ಸಿನಲ್ಲಿ ಏನಿತ್ತು ಅಂತ ಗೊತ್ತಾಗುತ್ತದೆ.

ಕೆಲವರು ಇನ್ನೂ ಜಾಣರು. ನಮಗೊಂದು ಪುಟ, ಗೂಗಲ್‌ಗೆ ಇನ್ನೊಂದು ಪುಟ ಕೊಡುತ್ತಾರೆ. ಇದಕ್ಕೆ ಕ್ಲೋಕಿಂಗ್ ಎನ್ನುತ್ತಾರೆ. ಗೂಗಲ್‌ನ ರಿಚ್ ರಿಸಲ್ಟ್ಸ್ ಟೆಸ್ಟ್ ಎಂಬ ಪರೀಕ್ಷಾ ಪುಟಕ್ಕೆ ಆ ಪುಟದ ವಿಳಾಸ ಕೊಟ್ಟರೆ, ಗೂಗಲ್‌ನ ಬಾಟ್‌ಗೆ, ಅಂದರೆ ಪುಟಗಳನ್ನು ಓದುವ ಅದರ ಪ್ರೋಗ್ರಾಂಗೆ, ಸಿಕ್ಕ ಕೋಡ್ ತೋರಿಸುತ್ತದೆ. ಅದರಲ್ಲಿ ನಿಮ್ಮ ಹೆಸರು ಹುಡುಕಿ. ಮುಖಪುಟದಿಂದ ಲಿಂಕ್ಸ್ ಪುಟಕ್ಕೆ ಹೋಗುವ ದಾರಿ ಇದೆಯೇ ಎಂಬುದನ್ನೂ ನೋಡಿ. ದಾರಿಯೇ ಇಲ್ಲದೆ ನಿಮಗೆ ಮಾತ್ರ ವಿಳಾಸ ಕಳಿಸಿದ್ದರೆ, ಆ ಪುಟ ಯಾರಿಗೂ ಅಲ್ಲ.

ಇವುಗಳಲ್ಲಿ ಒಂದು ಸಿಕ್ಕರೂ ಅವರ ಲಿಂಕನ್ನು ಇವತ್ತೇ ತೆಗೆಯಿರಿ. ಇನ್ನೊಂದು ಮಾತು. ಬರೀ ರ‍್ಯಾಂಕಿಗಾಗಿ (ಹುಡುಕಾಟದಲ್ಲಿ ಮೇಲಿನ ಸ್ಥಾನಕ್ಕಾಗಿ) ಹೀಗೆ ಲಿಂಕ್ ಕೊಡು-ತೆಗೆದುಕೊಳ್ಳುವುದು ಜಾಸ್ತಿಯಾದರೆ ಗೂಗಲ್ ಅದನ್ನು ಸ್ಪ್ಯಾಮ್ ಎಂದೇ ಎಣಿಸುತ್ತದೆ. ಮುಳ್ಳಯ್ಯನಗಿರಿಗೆ ಕರೆದೊಯ್ಯುವ ನಿಮ್ಮ ಜೀಪಿನವರು, ನಿಮಗೆ ಕಾಫಿಪುಡಿ ಕೊಡುವವರು ಇದ್ದಾರಲ್ಲ, ಅವರ ಸೈಟಿಗೆ ಲಿಂಕ್ ಕೊಡಿ. ಬಂದ ಅತಿಥಿಗಳಿಗೆ ಅದು ನಿಜಕ್ಕೂ ಬೇಕಾಗುತ್ತದೆ.