ಒಂದು ವಿಶ್ವವಿದ್ಯಾಲಯದ ಸಂಶೋಧನೆ ನಿಯತ್ತಿನದೋ ಅಲ್ಲವೋ, ಹೊರಗಿನವರಿಗೆ ಗೊತ್ತಾಗುವುದು ಹೇಗೆ?

ನಿಮ್ಮ ತಂಗಿ ಎಂ.ಎಸ್ಸಿ. ಮುಗಿಸಿ ಚಿತ್ರದುರ್ಗದಲ್ಲಿದ್ದಾಳೆ. ಪಿಎಚ್‌ಡಿಗೆ ಮೂರು ವಿಶ್ವವಿದ್ಯಾಲಯ ನೋಡಿಟ್ಟಿದ್ದಾಳೆ. ಮೂರೂ ಕಡೆ ‘ನಮ್ಮಲ್ಲಿ ವರ್ಷಕ್ಕೆ ಇಷ್ಟು ಪೇಪರ್’ (ಸಂಶೋಧನಾ ಪತ್ರಿಕೆಗಳಲ್ಲಿ ಬರುವ ಲೇಖನ) ಅಂತ ಹೇಳಿ ಕಳಿಸಿದ್ದಾರೆ. ಆ ಲೆಕ್ಕ ನಂಬಬಹುದಾ, ಒಳಗೆ ಕೆಲಸ ನೆಟ್ಟಗೆ ನಡೆಯುತ್ತಿದೆಯಾ ಅಂತ ಹೇಗೆ ನೋಡುವುದು ಎಂದು ಕೇಳಿದ್ದೀರಿ.

ನಾನು ಪ್ರೊಫೆಸರ್ ಅಲ್ಲ. 22 ವರ್ಷ ಲೈಬ್ರರಿಯಲ್ಲಿ ಕೆಲಸ ಮಾಡಿ ಈಗ ದಾವಣಗೆರೆಯಲ್ಲಿ ಮನೆ ಮಾಡಿಕೊಂಡಿದ್ದೇನೆ. ನಾನಿದ್ದ ಸಂಸ್ಥೆ ಈ ಎರಡು ಜಿಲ್ಲೆಯದಲ್ಲ, ಹೆಸರು ಬೇಡ. ಕೊನೆಯ ಕೆಲವು ವರ್ಷ ಪಿಎಚ್‌ಡಿಗೆ ಬರೆದ ಪ್ರಬಂಧಗಳನ್ನು, ಅಂದರೆ ಥೀಸಿಸ್‌ಗಳನ್ನು ಸಾಫ್ಟ್‌ವೇರ್‌ಗೆ ಹಾಕಿ, ನಕಲು ಎಷ್ಟು ಪರ್ಸೆಂಟ್ ಬಂತು ಅಂತ ಸರ್ಟಿಫಿಕೇಟ್ ಕೊಡುವ ಟೇಬಲ್ ನನ್ನದಾಗಿತ್ತು. ಹಾಗಾಗಿ ಮೊದಲು ಹೇಳಬೇಕಾದದ್ದು ಇದೇ. ಪೇಪರ್ ಎಣಿಸಬೇಡಿ, ಆ ಪರ್ಸೆಂಟನ್ನೂ ಪೂರ್ತಿ ನಂಬಬೇಡಿ. ತಂಗಿ ಯಾರ ಕೈಕೆಳಗೆ ಸೇರಬೇಕು ಅಂತಿದ್ದಾಳೋ ಆ ಗೈಡ್ ಹತ್ತಿರ ಮುಗಿಸಿದವರ ಒಂದು ಥೀಸಿಸ್ ತೆಗೆದು, ಕೂತು, ಪೂರ್ತಿ ಓದಿ.

ಯಾಕೆ ಹೀಗೆ ಹೇಳುತ್ತೇನೆ ಅಂದರೆ, ಒಮ್ಮೆ ನನ್ನ ಟೇಬಲ್‌ಗೆ ಅಂತರ್ಜಲದ ಮೇಲಿನ ಒಂದು ಥೀಸಿಸ್ ಬಂತು. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅನ್ನುವ ವಿಷಯ. ನಮ್ಮ ಕಡೆಯವರಿಗೆ ಇದು ಹೊಸದಲ್ಲ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಪರವಾಗಿಲ್ಲ ಅನ್ನುತ್ತದೆ ಭಾರತೀಯ ಮಾನಕ. ಅದನ್ನು ದಾಟಿದ ಬೋರ್‌ವೆಲ್‌ಗಳು ಚಿತ್ರದುರ್ಗ ಜಿಲ್ಲೆಯಲ್ಲಿ ಬೇಕಾದಷ್ಟಿವೆ. ನನ್ನ ಅತ್ತೆ ಮನೆ ಮೊಳಕಾಲ್ಮೂರು ಕಡೆ, ಆ ಕುತೂಹಲಕ್ಕೆ ಸುಮ್ನೆ ಪುಟ ತಿರುಗಿಸಿದೆ. ಸಾಫ್ಟ್‌ವೇರ್ ರಿಪೋರ್ಟ್‌ನಲ್ಲಿ ನಕಲು 7 ಪರ್ಸೆಂಟ್. ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ 2018ರ ನಿಯಮದಲ್ಲಿ 10 ಪರ್ಸೆಂಟ್‌ವರೆಗೆ ದಂಡವೇ ಇಲ್ಲ. ಅಂದರೆ ಪಾಸು.

ಒಂದು ಕೋಷ್ಟಕದಲ್ಲಿ 24 ಬೋರ್‌ವೆಲ್. ಮಳೆಗಾಲದ ಒಂದು ಕಾಲಂ, ಬೇಸಿಗೆಯ ಒಂದು ಕಾಲಂ. 1.83 ಇದ್ದದ್ದು ಬೇಸಿಗೆಯಲ್ಲಿ 2.03. 0.96 ಇದ್ದದ್ದು 1.16. ಮೂರನೆಯದೂ ಹಾಗೇ. ಪೆನ್ಸಿಲ್ ತಗೊಂಡು ಕಳೆಯುತ್ತಾ ಹೋದೆ. 24 ಸಾಲಿನಲ್ಲೂ ವ್ಯತ್ಯಾಸ ಸರಿಯಾಗಿ 0.20. ಆಳ ಬೇರೆ, ಊರು ಬೇರೆ, ಕಲ್ಲು ಬೇರೆ, ಆದರೂ ಎಲ್ಲ ನೀರೂ ಮಾತಾಡಿಕೊಂಡ ಹಾಗೆ ಒಂದೇ ಸಮ ಏರಿದೆ! ಬೇಸಿಗೆಯಲ್ಲಿ ಆ ಹುಡುಗ ಊರಿಗೇ ಹೋಗಿಲ್ಲ ಅನ್ನುವುದು ನನಗೆ ಅಲ್ಲೇ ಖಾತ್ರಿಯಾಯಿತು.

ಗೈಡ್‌ಗೆ ತೋರಿಸಿದೆ. ‘ನಿಮ್ಮ ಕೆಲಸ ಪರ್ಸೆಂಟ್ ನೋಡುವುದು, ಅಷ್ಟು ನೋಡಿ ಸಾಕು’ ಅಂದರು. ನಿಯಮದ ಪ್ರಕಾರ ಅವರು ಹೇಳಿದ್ದು ಸರಿಯೇ. ನಾನು ಸಹಿ ಹಾಕಿದೆ. ಇವತ್ತಿಗೂ ಅದೊಂದು ಸಹಿ ಮನಸ್ಸಿಗೆ ಚುಚ್ಚುತ್ತದೆ.

ಸಾಫ್ಟ್‌ವೇರ್ ಹುಡುಕುವುದು ಪದಗಳನ್ನು. ಅಂಕಿ ಸುಳ್ಳು ಹೇಳಿದರೆ ಅದಕ್ಕೆ ತಿಳಿಯುವುದಿಲ್ಲ. ಪದಗಳಲ್ಲೂ ಮೋಸ ಮಾಡುವವರಿದ್ದಾರೆ. ಕದ್ದ ಪ್ಯಾರಾದ ಹಿಂದೆ ಮುಂದೆ ಉದ್ಧರಣ ಚಿಹ್ನೆ ಹಾಕಿ, ಆ ಚಿಹ್ನೆಗೆ ಬಿಳಿ ಬಣ್ಣ ಕೊಡುತ್ತಾರೆ. ಉದ್ಧರಣೆಗಳನ್ನು ಬಿಟ್ಟು ಲೆಕ್ಕ ಹಾಕು ಅಂತ ಸೆಟ್ ಮಾಡಿದ್ದರೆ ಪ್ಯಾರಾ ಪೂರ್ತಿ ಮಾಯ. ಪೂರ್ತಿ ಫೈಲ್ ಸೆಲೆಕ್ಟ್ ಮಾಡಿ ಅಕ್ಷರಕ್ಕೆಲ್ಲ ಕಪ್ಪು ಬಣ್ಣ ಕೊಟ್ಟರೆ ಮಳೆ ಬಂದ ಮೇಲೆ ಅಣಬೆ ಎದ್ದ ಹಾಗೆ ಚಿಹ್ನೆಗಳು ಏಳುತ್ತವೆ. ಇನ್ನು ಕೆಲವರು ಒಂದೊಂದೇ ಪದವನ್ನು ಸಮಾನಾರ್ಥಕಕ್ಕೆ ಬದಲಿಸುವ ಸಾಫ್ಟ್‌ವೇರ್‌ಗೆ ಹಾಕುತ್ತಾರೆ. ‘ಬ್ರೆಸ್ಟ್ ಕ್ಯಾನ್ಸರ್’ ಹೋಗಿ ‘ಬೂಸಮ್ ಪೆರಿಲ್’ ಆದದ್ದು, ‘ಆರ್ಟಿಫಿಶಿಯಲ್ ಇಂಟೆಲಿಜೆನ್ಸ್’ ಹೋಗಿ ‘ಕೌಂಟರ್‌ಫೀಟ್ ಕಾನ್ಶಸ್‌ನೆಸ್’ ಆದದ್ದು ಹಾಗೆಯೇ. ಫ್ರಾನ್ಸಿನ ಕಂಪ್ಯೂಟರ್ ವಿಜ್ಞಾನಿ ಗಿಯೋಮ್ ಕಬನಾಕ್ ಮತ್ತು ಜೊತೆಗಾರರು 2021ರಲ್ಲಿ ಇಂಥ ಮಾತುಗಳನ್ನು ಪಟ್ಟಿ ಮಾಡಿದರು. ಪೇಪರ್ ಓದುವಾಗ ಯಾರೂ ಆಡದ ಇಂಥ ಇಂಗ್ಲಿಷ್ ಸಿಕ್ಕರೆ ಅಲ್ಲೇ ನಿಲ್ಲಿ.

ಉಲ್ಟಾ ಕೂಡ ನಿಜ. ನಿಯತ್ತಿನ ಹುಡುಗಿಯ ಥೀಸಿಸ್ 18 ಪರ್ಸೆಂಟ್ ತೋರಿಸಿದ್ದನ್ನು ನೋಡಿದ್ದೇನೆ. ಕಾರಣ, ಅವಳದೇ ಪ್ರಕಟವಾದ ಪೇಪರ್ ಜೊತೆ ಹೊಂದಿಕೆಯಾಗಿತ್ತು, ಪ್ರಯೋಗದ ವಿಧಾನ ಎಲ್ಲರೂ ಬರೆಯುವ ರೀತಿಯಲ್ಲೇ ಇತ್ತು. ಪಾಪ, ಅಳುವ ಹಾಗಾಗಿದ್ದಳು.

(ನಿಮ್ಮ ತಂಗಿಗೆ ಬೇಡದ ಮಾತು, ಆದರೆ ಕನ್ನಡ ವಿಭಾಗದವರು ಯಾರಾದರೂ ಓದುತ್ತಿದ್ದರೆ ಇರಲಿ. ಡಿಟಿಪಿ ಸೆಂಟರ್‌ನಲ್ಲಿ ಹಳೆಯ ನುಡಿ ಫಾಂಟ್‌ನಲ್ಲಿ ಟೈಪಾದ ಥೀಸಿಸ್ ಕಣ್ಣಿಗೆ ಕನ್ನಡ, ಕಂಪ್ಯೂಟರ್‌ಗೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಮೂಲ ಪುಸ್ತಕ ಸ್ಕ್ಯಾನ್ ಮಾಡಿದ ಚಿತ್ರವಾಗಿದ್ದರೆ ಅದನ್ನಂತೂ ಓದುವುದೇ ಇಲ್ಲ. 2 ಪರ್ಸೆಂಟ್ ಅಂತ ಬರುತ್ತದೆ, ಎಲ್ಲರಿಗೂ ಖುಷಿ. ಕಂಪ್ಯೂಟರ್ ಕನ್ನಡವೆಂದೇ ಓದುವ ಯುನಿಕೋಡ್‌ನಲ್ಲೇ ಕೊಡಿ ಅಂತ ಹಠ ಹಿಡಿಯುವ ವಿಭಾಗ ಸಿಕ್ಕರೆ ಅಲ್ಲಿ ಸ್ವಲ್ಪ ಕಾಳಜಿ ಇದೆ ಅಂತ ಲೆಕ್ಕ.)

ಈಗ ಥೀಸಿಸ್ ಎಲ್ಲಿ ಸಿಗುತ್ತದೆ ಅನ್ನುವುದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ದೇಶದ ಲಕ್ಷಗಟ್ಟಲೆ ಥೀಸಿಸ್ ಪುಕ್ಕಟೆ ಇವೆ. ಗೈಡ್ ಹೆಸರು ಹಾಕಿ ಹುಡುಕಿ. ಒಂದು ವಿಷಯ ನೆನಪಿಡಿ. ದಾವಣಗೆರೆ ವಿಶ್ವವಿದ್ಯಾಲಯ ಶುರುವಾಗಿದ್ದು 2009ರಲ್ಲಿ, ಅದಕ್ಕೂ ಮೊದಲು ತೋಳಹುಣಸೆಯ ಶಿವಗಂಗೋತ್ರಿ ಕುವೆಂಪು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು. ಅಲ್ಲಿನ ಹಿರಿಯರ ಹಳೆಯ ವಿದ್ಯಾರ್ಥಿಗಳ ಥೀಸಿಸ್ ಬೇಕಾದರೆ ಕುವೆಂಪು ಹೆಸರಿನಲ್ಲಿ ಹುಡುಕಬೇಕು. ಹೊಸ ವಿಶ್ವವಿದ್ಯಾಲಯ ಯಾವುದೇ ಇದ್ದರೂ ಹೀಗೇ, ಅದರ ಹಳೆಯ ಮನೆಯನ್ನೂ ನೋಡಿ.

ಒಬ್ಬರೇ ಗೈಡ್‌ನ ಮೂರು ಥೀಸಿಸ್ ಅಕ್ಕಪಕ್ಕ ಇಟ್ಟರೆ ತುಂಬಾ ಗೊತ್ತಾಗುತ್ತದೆ. ಎರಡನೇ ಅಧ್ಯಾಯ ಮೂರರಲ್ಲೂ ಒಂದೇ ಇದೆಯಾ? ಊರಿನ ಹೆಸರು ಮಾತ್ರ ಬದಲಾಗಿ ಪ್ರಶ್ನಾವಳಿ ಅದೇ ಇದೆಯಾ? ಮಾದರಿ ಎಲ್ಲಿಂದ, ಯಾವ ತಿಂಗಳು ತಂದರು, ಯಾವ ಯಂತ್ರದಲ್ಲಿ ನೋಡಿದರು ಅಂತ ಬರೆದಿದ್ದಾರಾ? ಕೆಲಸ ಮಾಡಿದವರು ಇದನ್ನು ಬರೆಯದೆ ಬಿಡುವುದಿಲ್ಲ. ಕಷ್ಟಪಟ್ಟಿರುತ್ತಾರಲ್ಲ, ಹೇಳಿಕೊಳ್ಳಬೇಕು ಅನಿಸುತ್ತದೆ.

ಪೇಪರ್ ಲೆಕ್ಕಕ್ಕೆ ಬರೋಣ. 2016ರ ಯುಜಿಸಿ ನಿಯಮದಲ್ಲಿ ಥೀಸಿಸ್ ಕೊಡುವ ಮೊದಲು ಒಂದು ಪೇಪರ್ ಪ್ರಕಟವಾಗಬೇಕು, ಎರಡು ಕಡೆ ಮಂಡಿಸಬೇಕು ಅಂತ ಇತ್ತು. ಆಗ ವಾಟ್ಸ್ಆ್ಯಪ್‌ನಲ್ಲಿ ಅಂಗಡಿಗಳೇ ತೆರೆದವು. ‘48 ಗಂಟೆಯಲ್ಲಿ ಪ್ರಕಟಣೆ, ಸರ್ಟಿಫಿಕೇಟ್ ಸಹಿತ, 1200 ರೂಪಾಯಿ’ ಅನ್ನುವ ಮೆಸೇಜ್ ನನಗೂ ಬರುತ್ತಿತ್ತು, ನಾನು ಜೀವನದಲ್ಲಿ ಒಂದು ಪೇಪರ್ ಬರೆದವನಲ್ಲ. ಐಎಸ್ಎಸ್ಎನ್ ಇದೆ ಅಂತ ದೊಡ್ಡದಾಗಿ ಹಾಕಿರುತ್ತಾರೆ. ಅದು ಪತ್ರಿಕೆಯನ್ನು ಗುರುತಿಸುವ ನಂಬರ್ ಅಷ್ಟೇ, ಗಾಡಿಗೆ ನಂಬರ್ ಪ್ಲೇಟ್ ಇದ್ದ ಹಾಗೆ. ಡ್ರೈವರ್‌ಗೆ ಓಡಿಸಲು ಬರುತ್ತದೆ ಅಂತ ಅದು ಹೇಳುತ್ತದಾ?

2022ರ ನಿಯಮದಲ್ಲಿ ಯುಜಿಸಿ ಆ ಕಡ್ಡಾಯ ತೆಗೆಯಿತು. ಆದರೂ ಕೆಲವು ಕಡೆ ತಮ್ಮದೇ ನಿಯಮ ಉಳಿಸಿಕೊಂಡಿದ್ದಾರೆ, ಕೇಳಿ ತಿಳಿದುಕೊಳ್ಳಿ. ಒಳ್ಳೆಯ ಪತ್ರಿಕೆಗಳನ್ನು ಗುರುತಿಸಲು ಇದ್ದ ಯುಜಿಸಿ ಕೇರ್ ಪಟ್ಟಿಯನ್ನೂ 2025ರ ಫೆಬ್ರವರಿಯ ಪ್ರಕಟಣೆಯಲ್ಲಿ ಕೈಬಿಟ್ಟರು. ಇನ್ನು ಮುಂದೆ ಯಾವ ಪತ್ರಿಕೆ ಸರಿ ಅನ್ನುವುದನ್ನು ವಿಶ್ವವಿದ್ಯಾಲಯಗಳೇ ನೋಡಿಕೊಳ್ಳಬೇಕು. ಆದ್ದರಿಂದ ತಂಗಿ ವಿಭಾಗಕ್ಕೆ ಹೋದಾಗ ‘ಕೇರ್ ಹೋದ ಮೇಲೆ ಪತ್ರಿಕೆಗಳನ್ನು ಹೇಗೆ ಆರಿಸುತ್ತೀರಿ ಸರ್’ ಅಂತ ಕೇಳಲಿ. ಉತ್ತರ ಕೊಟ್ಟರೆ ಸಂತೋಷ. ‘ಅದೆಲ್ಲ ಆಮೇಲೆ ನೋಡೋಣಮ್ಮ’ ಅಂದರೆ ಅದೂ ಒಂದು ಉತ್ತರವೇ.

ಲೆಕ್ಕಕ್ಕೆ ಇನ್ನೊಂದು ಅಳತೆ. ಅದೇ 2022ರ ನಿಯಮದ ಪ್ರಕಾರ ಪ್ರೊಫೆಸರ್ ಒಂದು ಸಮಯಕ್ಕೆ 8, ಅಸೋಸಿಯೇಟ್ 6, ಅಸಿಸ್ಟೆಂಟ್ 4 ಪಿಎಚ್‌ಡಿ ವಿದ್ಯಾರ್ಥಿಗಳನ್ನು ಇಟ್ಟುಕೊಳ್ಳಬಹುದು. ನಾಲ್ಕು ವಿದ್ಯಾರ್ಥಿಗಳಿರುವ ಗೈಡ್ ವರ್ಷಕ್ಕೆ 35 ಪೇಪರ್ ಹೊರಗೆ ತರುತ್ತಿದ್ದರೆ ಆ ಪಾಠ, ಪರೀಕ್ಷೆ, ಮೌಲ್ಯಮಾಪನದ ನಡುವೆ ಅವನ್ನು ಯಾವಾಗ ಓದಿದರು ಅಂತ ಕೇಳಿಕೊಳ್ಳಿ. ಸಹಲೇಖಕರ ಹೆಸರು ನೋಡಿ. ವಿದ್ಯಾರ್ಥಿ ಮೊದಲು, ಗೈಡ್ ಕೊನೆಗೆ ಇದ್ದರೆ ಸಾಮಾನ್ಯವಾಗಿ ಸರಿ. ವಿಷಯಕ್ಕೇ ಸಂಬಂಧವಿಲ್ಲದ ಐದಾರು ದೇಶದವರ ಹೆಸರುಗಳು ಒಂದೊಂದು ಪೇಪರ್‌ನಲ್ಲೂ ಬೇರೆ ಬೇರೆಯಾಗಿ ಬರುತ್ತಿದ್ದರೆ ಅಲ್ಲಿ ಹೆಸರು ಮಾರಾಟ ನಡೆದಿರಬಹುದು.

ಪ್ರಕಟವಾದ ಮೇಲೆ ತಪ್ಪೋ ಮೋಸವೋ ಕಂಡು ವಾಪಸ್ ಪಡೆದ ಪೇಪರ್‌ಗಳ ವಿಷಯಕ್ಕೆ ರಿಟ್ರಾಕ್ಷನ್ ವಾಚ್ ಅನ್ನುವ ದತ್ತಾಂಶ ಇದೆ, 2023ರಲ್ಲಿ ಅದನ್ನು ಪೇಪರ್‌ಗಳ ದಾಖಲೆ ಇಡುವ ಸಂಸ್ಥೆಯಾದ ಕ್ರಾಸ್‌ರೆಫ್ ಕೊಂಡು ಎಲ್ಲರಿಗೂ ತೆರೆದಿಟ್ಟಿತು. ಸಂಸ್ಥೆಯ ಹೆಸರು ಹಾಕಿ ಹುಡುಕಬಹುದು. 2025ರಿಂದ ಕೇಂದ್ರ ಸರ್ಕಾರದ ಎನ್ಐಆರ್‌ಎಫ್ ರ‍್ಯಾಂಕಿಂಗ್‌ನಲ್ಲೂ ಇದಕ್ಕೆ ಮೈನಸ್ ಅಂಕ ಇದೆ. ಬೈರುತ್‌ನ ಅಮೆರಿಕನ್ ವಿಶ್ವವಿದ್ಯಾಲಯದ ಲೋಕ್‌ಮನ್ ಮೆಹೋ ಅನ್ನುವವರು ವಾಪಸಾದ ಪೇಪರ್ ಎಷ್ಟು, ಜಾಗತಿಕ ಪತ್ರಿಕಾ ಪಟ್ಟಿಗಳಿಂದ ತೆಗೆದುಹಾಕಿದ ಪತ್ರಿಕೆಗಳಲ್ಲಿ ಬಂದದ್ದು ಎಷ್ಟು ಅಂತ ಲೆಕ್ಕ ಹಾಕಿ ವಿಶ್ವವಿದ್ಯಾಲಯಗಳಿಗೆ ಒಂದು ಸೂಚ್ಯಂಕವನ್ನೇ ಮಾಡಿದ್ದಾರೆ. ಅದರಲ್ಲಿ ಸಿಗುವುದು ಜಾಸ್ತಿ ಪೇಪರ್ ತರುವ ದೊಡ್ಡ ಸಂಸ್ಥೆಗಳು. ನಮ್ಮ ಕಡೆಯ ಸಣ್ಣ ವಿಭಾಗಕ್ಕೆ ಅದು ಅಷ್ಟು ಉಪಯೋಗವಿಲ್ಲ.

ಇಲ್ಲೂ ಒಂದು ಎಚ್ಚರ ಬೇಕು. ಪ್ರಯೋಗದಲ್ಲಿ ತಪ್ಪಾಗಿದೆ ಅಂತ ತಾವೇ ಒಪ್ಪಿಕೊಂಡು ಪೇಪರ್ ವಾಪಸ್ ಪಡೆದವರಿದ್ದಾರೆ. ಅಂಥವರ ಹತ್ತಿರ ನಾನಾಗಿದ್ದರೆ ಕಣ್ಣು ಮುಚ್ಚಿ ಸೇರುತ್ತಿದ್ದೆ. ವಾಪಸ್ ಪಡೆದದ್ದು ಸೊನ್ನೆ ಅಂದರೆ ಎಲ್ಲ ಶುದ್ಧ ಅಂತಲೂ ಅಲ್ಲ, ಯಾರೂ ಓದೇ ಇಲ್ಲ ಅಂತಲೂ ಇರಬಹುದು. ನನ್ನ 0.20 ಕೋಷ್ಟಕ ಇವತ್ತಿಗೂ ಎಲ್ಲೋ ಹಾಗೇ ಇದೆ.

ಕಮಿಟಿಗಳ ಬಗ್ಗೆ ಉದ್ದ ಹೇಳುವುದಿಲ್ಲ. 2018ರ ನಿಯಮದಂತೆ ವಿಭಾಗದಲ್ಲೊಂದು, ಸಂಸ್ಥೆಯಲ್ಲೊಂದು ಶೈಕ್ಷಣಿಕ ನಿಯತ್ತಿನ ಸಮಿತಿ ಇರಬೇಕು. ವೆಬ್‌ಸೈಟ್‌ನಲ್ಲಿ ಹೆಸರುಗಳಿದ್ದರೆ ಸಾಲದು, ಕೊನೆಯ ಸಲ ಯಾವಾಗ ಸಭೆ ಸೇರಿತು ಅಂತ ಕೇಳಿ. ಪಿಎಚ್‌ಡಿ ಶುರುವಿನ ತರಗತಿಗಳಲ್ಲಿ (ಕೋರ್ಸ್‌ವರ್ಕ್) 2 ಕ್ರೆಡಿಟ್‌ನ ಸಂಶೋಧನಾ ನೀತಿ ಪಾಠ 2019ರಿಂದ ಕಡ್ಡಾಯ. ಅದನ್ನು ನಿಜವಾಗಿ ಯಾರು ಮಾಡುತ್ತಾರೆ, 30 ಗಂಟೆ ತರಗತಿ ನಡೆಯುತ್ತದಾ ಅನ್ನುವುದನ್ನು ಸೀನಿಯರ್‌ಗಳು ಒಂದೇ ನಗುವಿನಲ್ಲಿ ಹೇಳಿಬಿಡುತ್ತಾರೆ.

ಸೀನಿಯರ್‌ಗಳನ್ನು ವಿಭಾಗದೊಳಗೆ ಕೇಳಬೇಡಿ. ಹೊರಗೆ, ಮಂಡಕ್ಕಿ ಮಿರ್ಚಿ ಅಂಗಡಿ ಮುಂದೆ ಕೇಳಿ. ಮುಗಿಸಿ ಒಂದೆರಡು ವರ್ಷ ಆದವರಾದರೆ ಇನ್ನೂ ಒಳ್ಳೆಯದು, ಅವರಿಗೆ ಗೈಡ್ ಸಹಿಯ ಹಂಗಿಲ್ಲ. ‘ಗೈಡ್ ಒಳ್ಳೆಯವರಾ’ ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ‘ನಿಮ್ಮ ಪ್ರಯೋಗ ಕೈಕೊಟ್ಟಾಗ ಸರ್ ಏನು ಹೇಳಿದರು’ ಅಂತ ಕೇಳಬೇಕು.

ಆಗುವುದಾದರೆ ತಂಗಿಯನ್ನು ಒಂದು ವೈವಾಗೆ, ಅಂದರೆ ಥೀಸಿಸ್ ಮೇಲಿನ ಮೌಖಿಕ ಪರೀಕ್ಷೆಗೆ, ಕಳಿಸಿ. ಪಿಎಚ್‌ಡಿ ವೈವಾ ಬಾಗಿಲು ಹಾಕಿಕೊಂಡು ಮಾಡುವುದಲ್ಲ, ವಿಭಾಗದವರು, ಸಂಶೋಧನಾ ವಿದ್ಯಾರ್ಥಿಗಳು, ಆಸಕ್ತರು ಕೂತು ಕೇಳಬಹುದು. ನಾನು ರಿಟೈರ್ ಆಗುವ ಮುಂಚೆ ಒಂದಕ್ಕೆ ಹೋಗಿದ್ದೆ, ಅದೂ ಅಂತರ್ಜಲದ್ದೇ. ಹೊರಗಿನಿಂದ ಬಂದ ಪರೀಕ್ಷಕರು ಕೋಷ್ಟಕದಲ್ಲಿ ಬೆರಳಿಟ್ಟು, ‘11ನೇ ಬೋರ್‌ವೆಲ್‌ಗೆ ಬೇಸಿಗೆಯ ಅಂಕಿ ಯಾಕಿಲ್ಲಮ್ಮ’ ಅಂದರು. ಹುಡುಗಿ ಒಂದು ಕ್ಷಣವೂ ಯೋಚಿಸಲಿಲ್ಲ. ‘ಮೋಟಾರ್ ಸುಟ್ಟಿತ್ತು ಸರ್. ಹದಿನೈದು ದಿನ ಬಿಟ್ಟು ಮತ್ತೆ ಹೋದೆ. ಅಷ್ಟರಲ್ಲಿ ಬೋರೇ ಬತ್ತಿತ್ತು. ಮನೆಯವರು ಊಟ ಹಾಕಿ ಕಳಿಸಿದರು.’ ಪರೀಕ್ಷಕರು ನಕ್ಕು ಮುಂದಿನ ಪುಟ ತಿರುಗಿಸಿದರು.