ಓದುಗರ ಪ್ರಶ್ನೆ: ಪಕ್ಕದ ಮನೆ ಅಜ್ಜಿಯ ಮಾಡು, ಅಂಗಳ, ನಲ್ಲಿ

ಪ್ರಶ್ನೆ: ಪಕ್ಕದ ಹಂಚಿನ ಮನೆಯಲ್ಲಿ ಎಂಬತ್ತರ ಹತ್ತಿರದ ಅಜ್ಜಿ ಒಬ್ಬರೇ ಇದ್ದಾರೆ. ಹೋದ ಮಳೆಗಾಲದಲ್ಲಿ ಅಡುಗೆಮನೆ ಎರಡು ಕಡೆ ಸೋರಿತ್ತು. ನಾವು ಮೂವರು ಸೇರಿ ಹಂಚು ಕೈಯಾಡಿಸಿಕೊಡೋಣ ಅಂತಿದ್ದೇವೆ. ಎಷ್ಟು ಹಂಚು ತರಬೇಕು? – ಕುಮಟಾ

ಉತ್ತರ: ಹಂಚು ತರುವುದು ಆಮೇಲೆ. ಮಟಮಟ ಮಧ್ಯಾಹ್ನ ಅಡುಗೆಮನೆಯ ಬಾಗಿಲು, ಕಿಟಕಿ ಮುಚ್ಚಿ ಮೇಲೆ ನೋಡಿ. ಬೆಳಕಿನ ಚುಕ್ಕಿ ಕಂಡಲ್ಲಿ ರೀಪಿನ (ಹಂಚು ಕೂರುವ ಅಡ್ಡಪಟ್ಟಿ) ಮೇಲೆ ಸೀಮೆಸುಣ್ಣದ ಗುರುತು ಹಾಕಿ. ನೀರು ಬೀಳುವ ಜಾಗವೇ ಒಡಕಿನ ಜಾಗ ಅಂದುಕೊಳ್ಳಬೇಡಿ. ಒಳಗಿಳಿದ ನೀರು ಪಕಾಸಿಗುಂಟ (ರೀಪಿನ ಕೆಳಗಿನ ಇಳಿಜಾರು ಮರ) ಎರಡು ಮೂರು ಅಡಿ ಹರಿದು ಬಂದು ತೊಟ್ಟಿಕ್ಕುವುದುಂಟು. ತೊಟ್ಟಿಕ್ಕಿದಲ್ಲಿಂದ ನೆತ್ತಿಯ ಕಡೆಗೆ ಹುಡುಕಿ. ಬೆಳಕೇ ಕಾಣದೆಯೂ ಸೋರಬಹುದು: ಹಂಚಿನ ಕಾಲುವೆಯಲ್ಲಿ ತರಗೆಲೆ, ಹಾವಸೆ ಕಟ್ಟಿಕೊಂಡರೆ ನೀರು ಅಂಚು ದಾಟಿ ಒಳಗೆ ಬರುತ್ತದೆ. ಅಲ್ಲಿಗೆ ಹೊಸ ಹಂಚು ದಂಡ, ಬ್ರಶ್ ಸಾಕು.

ಒಡೆದದ್ದನ್ನು ಎಣಿಸಿ, ಐದಾರು ಹೆಚ್ಚಿಗೆ ತನ್ನಿ. (ಮಂಗಗಳು ನಮ್ಮ ಲೆಕ್ಕ ಕೇಳುವುದಿಲ್ಲ.) ಇಡೀ ಮಾಡಿಗಾದರೆ ಚದರ ಮೀಟರಿಗೆ ಸುಮಾರು 15 ಬೇಕು. ಹಳೆಯ ಹಂಚೊಂದನ್ನು ಅಂಗಡಿಗೆ ಒಯ್ಯಲೇಬೇಕು. ಎಲ್ಲ ಮಂಗಳೂರು ಹಂಚೂ ಒಂದೇ ಅಚ್ಚಿನದಲ್ಲ. ಬೇರೆ ಕಾರ್ಖಾನೆಯದು ಕೂತಂತೆ ಕಂಡರೂ ಒಂದೆರಡು ನೂಲು ಎದ್ದು ನಿಲ್ಲುತ್ತದೆ, ಎರಚಲು ಅಲ್ಲೇ ನುಗ್ಗುತ್ತದೆ.

ಮುಚ್ಚಿಗೆ ಇಲ್ಲದಿದ್ದರೆ ಕೆಲಸವನ್ನು ಒಳಗಿನಿಂದಲೇ ಮಾಡಿ. ಮೇಲಿನ ಸಾಲಿನ ಹಂಚನ್ನು ತುಸು ಮೇಲಕ್ಕೆ ತಳ್ಳಿ, ಒಡೆದದ್ದನ್ನು ಎತ್ತಿ ಅಡ್ಡ ತಿರುಗಿಸಿ ರೀಪುಗಳ ನಡುವಿನಿಂದ ಇಳಿಸಿಕೊಳ್ಳಿ. ಹೊಸದನ್ನು ಅದೇ ದಾರಿಯಲ್ಲಿ ಏರಿಸಿ, ಹಿಂಬದಿಯ ಗುಬುಟು ರೀಪಿಗೆ ಕಚ್ಚುವಂತೆ ಕೆಳಕ್ಕೆ ಜಗ್ಗಿ. ಆಗಲೇ ರೀಪಿಗೆ ಚೂರಿಯ ತುದಿ ಒತ್ತಿ ನೋಡಿ. ಮೆತ್ತಗಿದ್ದರೆ ಅದನ್ನೂ ಬದಲಿಸಿ, ಇಲ್ಲದಿದ್ದರೆ ಹೊಸ ಹಂಚೂ ಜಾರುತ್ತದೆ. ಮಾಡು ಹತ್ತಿದರೆ ಒಂದು ಸರಿಮಾಡುವಷ್ಟರಲ್ಲಿ ಕಾಲಡಿ ನಾಲ್ಕು ಒಡೆಯುತ್ತವೆ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಹೂಡುತ್ತದೆ, ಅಷ್ಟರೊಳಗೆ ಮುಗಿಸಿ.

ಪ್ರಶ್ನೆ: ನೆರೆಮನೆಯ ಅಜ್ಜನ ಚಿರೇಕಲ್ಲಿನ ಅಂಗಳಕ್ಕೆ ಹಾವಸೆ. ಬ್ಲೀಚಿಂಗ್ ಪೌಡರ್ ಎರಚಿ ತೊಳೆದರೂ ಹೋಗಲಿಲ್ಲ. – ಶಿರಸಿ

ಉತ್ತರ: ಪುಡಿಯನ್ನು ಹಾವಸೆಯ ಮೇಲೆ ನೇರ ಎರಚಿದರೆ ಅದರ ಶಕ್ತಿಯೆಲ್ಲ ಮೇಲ್ಪದರಕ್ಕೇ ಮುಗಿಯುತ್ತದೆ. ಮೊದಲು ಒಣ ಹಾವಸೆಯನ್ನು ಕೆರೆದು ಗುಡಿಸಿ. ಹೊಸ ಪ್ಯಾಕೆಟ್ಟಿನ 300 ಗ್ರಾಂ ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, 10 ಲೀಟರಿಗೆ ಬೆರೆಸಿ, ಅರ್ಧ ತಾಸು ಬಿಟ್ಟು ತಿಳಿಯನ್ನಷ್ಟೇ ಸುರಿಯಿರಿ. 20 ನಿಮಿಷ ಬಿಟ್ಟು ಗಟ್ಟಿ ಬ್ರಶ್ಶಿನಿಂದ ತಿಕ್ಕಿ, ಧಾರಾಳ ನೀರು ಹಾಕಿ. ಬಾವಿಕಟ್ಟೆ, ತುಳಸಿಕಟ್ಟೆಯ ಹತ್ತಿರ ಬೇಡ. ಕಕ್ಕಸು ತೊಳೆಯುವ ಆಸಿಡ್ ಇದಕ್ಕೆ ಸೇರಿದರೆ ವಿಷದ ಕ್ಲೋರಿನ್ ಅನಿಲ ಏಳುತ್ತದೆ, ಎರಡನ್ನೂ ಒಂದೇ ದಿನ ಹೊರತೆಗೆಯಲೇಬೇಡಿ.

ನೀರು ನಿಲ್ಲುವ ತಗ್ಗು ಹಾಗೇ ಉಳಿದರೆ ಆಷಾಢದೊಳಗೆ ಹಾವಸೆ ವಾಪಸ್. ಜಗಲಿಯಿಂದ ಬಚ್ಚಲಿಗೆ ಹೋಗುವ ದಾರಿಗಾದರೂ ಅಡಿಕೆ ದಬ್ಬೆ ಹಾಸಿ, ಅಲುಗದಂತೆ ಕಟ್ಟಿ. ಅಲುಗುವ ದಬ್ಬೆ ಹಾವಸೆಗಿಂತ ಅಪಾಯ.

ಪ್ರಶ್ನೆ: ಕೆಳಮನೆಯ ಅಜ್ಜಿಯ ನಲ್ಲಿಗೆ ಎಷ್ಟು ಸಲ ವಾಶರ್ ಹಾಕಿದರೂ ಎರಡು ತಿಂಗಳಿಗೆ ಮತ್ತೆ ತೊಟ್ಟಿಕ್ಕುತ್ತದೆ. – ಕಾರವಾರ

ಉತ್ತರ: ವಾಶರ್ ಕೂರುವ ಹಿತ್ತಾಳೆಯ ಅಂಚೇ ಸವೆದಿರಬೇಕು, ಗುಳಿಬಿದ್ದ ಅಂಚು ಹೊಸ ರಬ್ಬರನ್ನೂ ಕೊಯ್ಯುತ್ತದೆ. ತಿರುಗಿಸಲು ಅಜ್ಜಿಯ ಕೈಯಲ್ಲಿ ಬಲವೂ ಇರುವುದಿಲ್ಲ. ಕಾಲುಭಾಗ ತಿರುಗಿಸಿದರೆ ಬಂದ್ ಆಗುವ, ಉದ್ದ ಹಿಡಿಯ ಅರ್ಧ ಇಂಚಿನ ನಲ್ಲಿ ಹಾಕಿಕೊಡಿ. ಸೆಕೆಂಡಿಗೆ ಒಂದು ಹನಿಯಾದರೂ ದಿನಕ್ಕೆ ನಾಲ್ಕು ಲೀಟರ್ ಹೋಗುತ್ತದೆ. ಟೆಫ್ಲಾನ್ ಟೇಪನ್ನು ನಲ್ಲಿ ಬಿಗಿಯುವ ದಿಕ್ಕಿನಲ್ಲೇ ಹತ್ತು ಸುತ್ತು ಸುತ್ತಿ. ಕಡಲ ಗಾಳಿಗೆ ಹಳೆಯ ಕಬ್ಬಿಣದ ಪೈಪು ಒಳಗೊಳಗೇ ತಿಂದುಹೋಗಿರುತ್ತದೆ. ನಲ್ಲಿ ಬಿಚ್ಚುವಾಗ ಇನ್ನೊಂದು ಪಾನದಲ್ಲಿ (ಸ್ಪ್ಯಾನರ್) ಪೈಪನ್ನು ಹಿಡಿದುಕೊಳ್ಳಿ. ಇಲ್ಲದಿದ್ದರೆ ಗೋಡೆಯೊಳಗಿನ ಜಾಯಿಂಟ್ ಮುರಿಯುತ್ತದೆ.